ತಟ್ಟೆ ಎರಡು, ಪೆಟ್ಟಿಗೆ ಒಂದು

ನಮಗೆ ಎರಡು ಮನೆಗಳಿವೆ ಎಂದರೆ ಕೇಳಿದವರು ನಮ್ಮನ್ನು ಸ್ಥಿತಿವಂತರೆಂದು ಎಣಿಸಿಯಾರು. ಸಂಗತಿ ಹಾಗಿಲ್ಲ. ಚಳ್ಳಕೆರೆಯ ಹೊರವಲಯದಲ್ಲಿ ನಾಲ್ಕೆಕರೆ ಶೇಂಗಾ ಹೊಲದ ಅಂಚಿಗಿರುವ ಮಾಳಿಗೆ ಮನೆ ತಂದೆಯವರಿಂದ ನನಗೆ ಬಂದದ್ದು. ಮೊಳಕಾಲ್ಮೂರಿನ ಮನೆ ನನ್ನ ಅಕ್ಕನದು. ಭಾವನವರು ತೀರಿಕೊಂಡು, ಅಕ್ಕ ಎರಡು ರೇಷ್ಮೆ ಮಗ್ಗಗಳನ್ನೂ ಒಬ್ಬ ಮಗನನ್ನೂ ನೆಚ್ಚಿಕೊಂಡು ಉಳಿದಾಗ, ಸೀರೆಗೆ ಬೇಡಿಕೆ ಏರುವ ಮದುವೆಯ ಕಾಲದಲ್ಲಿ ಆ ಮನೆಗೆ ಜನ ಬೇಕಾಯಿತು. ನಾನಾಗಲೇ ಶಾಲೆಯ ಕೆಲಸದಿಂದ ನಿವೃತ್ತಿಯ ಅಂಚಿಗೆ ಬಂದಿದ್ದೆ. ಅಂದಿನಿಂದ ನಮ್ಮ ಸಂಸಾರದ ಪಂಚಾಂಗವೇ ಬದಲಾಯಿತು. ಮುಂಗಾರು ಬಿತ್ತನೆಯಿಂದ ದೀಪಾವಳಿಯ ಆಚೀಚೆ ಕಾಯಿ ಬಿಡಿಸಿ ಮಾರುವವರೆಗೆ ಚಳ್ಳಕೆರೆ. ಕಾರ್ತಿಕ ಕಳೆದ ಮೇಲೆ ಬೇಸಗೆಯ ಲಗ್ನಗಳು ಮುಗಿಯುವವರೆಗೆ ಮೊಳಕಾಲ್ಮೂರು. ನಡುವೆ ತಳುಕು, ಬಿ.ಜಿ. ಕೆರೆ, ಹಾನಗಲ್ಲು ದಾಟಿ ಹೋಗುವ ಬಸ್ಸು.

ಋತುವಿಗೊಂದು ಮನೆ ಎಂಬುದು ಈ ಸೀಮೆಗೆ ಹೊಸತೇನೂ ಅಲ್ಲ. ಮ್ಯಾಸಬೇಡರ ದೇವರೆತ್ತುಗಳು ಕಿಲಾರಿಗಳ ಹಿಂದೆ ಮುಂದೆ ನಡೆಯುತ್ತ ಹುಲ್ಲಿದ್ದ ಕಡೆಗೆ ಹೋಗುತ್ತವೆ. ಕಾಡುಗೊಲ್ಲರ ಕುರಿಮಂದೆಗಳು ಮಳೆಯನ್ನು ಅರಸಿ ಹೊರಟು ಮಳೆ ಬಂದಾಗ ಹಟ್ಟಿಗೆ ಮರಳುತ್ತವೆ. ಅವರು ದನಕುರಿಗಳನ್ನು ನಡೆಸಿಕೊಂಡು ಹೋಗುತ್ತಿದ್ದರು. ನಾವು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ಯುತ್ತಿದ್ದುದು, ಹಳೆಯ ಟವಲಿನಲ್ಲಿ ಸುತ್ತಿದ ಒಂದು ಕಪ್ಪು ಪೆಟ್ಟಿಗೆ. ಉಪಗ್ರಹದಿಂದ ಬರುವ ದೂರದರ್ಶನವನ್ನು ಮನೆಯ ಟಿ.ವಿ.ಗೆ ಇಳಿಸಿಕೊಡುವ, ಬೇಕೆಂದರೆ ಮುದ್ರಿಸಿಟ್ಟುಕೊಳ್ಳುವ ಪೆಟ್ಟಿಗೆ ಅದು. ಆ ಪೆಟ್ಟಿಗೆಯ ಕಥೆಯನ್ನು ಹೇಳುವುದಕ್ಕಾಗಿಯೇ ಇಂದು ನಿಮ್ಮ ಮುಂದೆ ಕುಳಿತಿದ್ದೇನೆ. ಆದರೆ ಉಪಗ್ರಹದೊಡನೆ ನನ್ನ ಪರಿಚಯ ಅದಕ್ಕಿಂತ ಹಳೆಯದು. ಮೊದಲು ಅದನ್ನು ಹೇಳಿಬಿಡುತ್ತೇನೆ.

1975ರಲ್ಲಿ ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಹೊಸದಾಗಿ ಮೇಷ್ಟರಾಗಿದ್ದೆ. ಆ ವರ್ಷ ಆಗಸ್ಟ್ 1ರಂದು ನಮ್ಮ ದೇಶದಲ್ಲಿ ಉಪಗ್ರಹದ ಮೂಲಕ ಶಿಕ್ಷಣ ನೀಡುವ ದೂರದರ್ಶನ ಪ್ರಯೋಗ ಆರಂಭವಾಯಿತು. ಹಿರಿಯ ಕೇಳುಗರಿಗೆ ‘ಸೈಟ್’ ಎಂಬ ಅದರ ಹೆಸರು ನೆನಪಿದ್ದೀತು. ವಿಕ್ರಂ ಸಾರಾಭಾಯಿ ಅವರು ಕಂಡ ಕನಸು. ಅದು ಕೈಗೂಡುವ ಹೊತ್ತಿಗೆ ಅವರಿರಲಿಲ್ಲ. ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಪೆಟ್ಟಿಗೆಗಳು ಬಂದವು. ಕರ್ನಾಟಕದಲ್ಲಿ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಪಾಲಿಗೆ ಆ ಯೋಗ ಒದಗಿತು. ನಮ್ಮ ಶಾಲೆಯ ಮಗ್ಗುಲಲ್ಲಿ ಸುಮಾರು ಹತ್ತಡಿ ಅಗಲದ ಒಂದು ಬೋಗುಣಿಯನ್ನು ನಿಲ್ಲಿಸಿದರು. ಅದರ ಮೈಯೆಲ್ಲ ಕೋಳಿಗೂಡಿಗೆ ಹಾಕುವ ತಂತಿಯ ಬಲೆ! ಊರ ಗೌಡರು ಅದನ್ನು ಒಂದು ಸುತ್ತು ಹಾಕಿ ನೋಡಿ, ‘ಇದರಾಗ ಗಾಳಿ ನಿಲ್ಲಂಗಿಲ್ಲ, ಚಿತ್ರ ಹೆಂಗ ನಿಲ್ತದ?’ ಎಂದರು. ಚಿತ್ರ ನಿಂತಿತು. ಬೆಳಿಗ್ಗೆ ಮಕ್ಕಳಿಗೆ ಇಪ್ಪತ್ತು ಚಿಲ್ಲರೆ ನಿಮಿಷಗಳ ಕನ್ನಡ ಪಾಠ. ಸಂಜೆ ಊರವರಿಗೆಲ್ಲ ಬೇಸಾಯ, ಆರೋಗ್ಯ, ಹಾಡು, ನಾಟಕ. ಕರೆಂಟನ್ನೇ ನೆಚ್ಚದ ಊರಿನ ಜನ ಆಕಾಶವನ್ನು ನೆಚ್ಚಿ ಶಾಲೆಯ ಅಂಗಳದಲ್ಲಿ ಚಾಪೆ ಹಾಸಿದರು.

ಆ ಉಪಗ್ರಹ ನಮ್ಮದಲ್ಲ; ಅಮೆರಿಕದಿಂದ ಎರವಲು ಬಂದದ್ದು. ಎಟಿಎಸ್-6 ಎಂದು ಅದರ ಹೆಸರು. 1974ರಲ್ಲಿ ಮೇಲೇರಿದಾಗ ಅದರ ಬಿಡಾರ ಅಮೆರಿಕದ ಕಡೆಯ ಆಕಾಶದಲ್ಲಿತ್ತು. ನಮಗಾಗಿ ಅದನ್ನು ಮೆಲ್ಲಗೆ ಸರಿಸಿ ಪೂರ್ವ ಆಫ್ರಿಕದ ಮೇಲೆ ತಂದು ನಿಲ್ಲಿಸಿದ್ದರು. ಹಾಗಾಗಿ ನಮ್ಮ ತಂತಿಯ ಬೋಗುಣಿ ಪಡುವಣಕ್ಕೆ ಮುಖ ಮಾಡಿ, ಇಳಿಹೊತ್ತಿನ ಸೂರ್ಯನನ್ನು ನೋಡುವ ಮುದುಕನಂತೆ ಓರೆಯಾಗಿ ನಿಂತಿರುತ್ತಿತ್ತು. ಇಂಥ ಉಪಗ್ರಹಗಳ ಸಾಧ್ಯತೆಯನ್ನು 1945ರಲ್ಲೇ ಬರೆದು ತೋರಿಸಿದ ಆರ್ಥರ್ ಸಿ. ಕ್ಲಾರ್ಕ್ ಅವರ ಕೊಲಂಬೊ ಮನೆಗೂ ನಮ್ಮ ಇಸ್ರೋದವರು ಅಂಥದೇ ಒಂದು ಬೋಗುಣಿಯನ್ನು ಕೂರಿಸಿಕೊಟ್ಟರಂತೆ. ನಮ್ಮೂರಿನ ಕುರಿಗಾಹಿಯೂ ಕ್ಲಾರ್ಕ್ ಮಹಾಶಯರೂ ಒಂದೇ ಕಾಲಕ್ಕೆ ಒಂದೇ ಉಪಗ್ರಹವನ್ನು ನೋಡುತ್ತಿದ್ದರು ಎಂಬುದನ್ನು ನಾನು ಬಹುಕಾಲದ ಮೇಲೆ ಓದಿ ತಿಳಿದು ಹಿಗ್ಗಿದೆ.

ವರುಷ ತುಂಬಿತು. 1976ರ ಜುಲೈ 31ರಂದು ಪ್ರಯೋಗ ಮುಗಿಯಿತು. ಉಪಗ್ರಹವನ್ನು ಮತ್ತೆ ತನ್ನ ದಿಕ್ಕಿಗೆ ಸರಿಸಿಕೊಂಡು ಹೋದರು. ಮರುದಿನ ಸಂಜೆ ಅಭ್ಯಾಸಬಲದಿಂದ ಚಾಪೆ ಹಿಡಿದು ಬಂದ ಹೆಂಗಸರಿಗೆ ನಾನು ಏನು ಹೇಳಬೇಕಿತ್ತು? ‘ಮನೆ ಬದಲಾಯಿಸಿತು’ ಎಂದೆ. ಒಂದು ವರ್ಷ ನೋಡಿದ್ದರಲ್ಲಿ ಒಂದು ತುಣುಕೂ ಊರಿನಲ್ಲಿ ಉಳಿಯಲಿಲ್ಲ. ಉಳಿಸಿಕೊಳ್ಳಬಹುದು ಎಂಬ ಕಲ್ಪನೆಯೇ ನಮಗಿರಲಿಲ್ಲ.

ಆಮೇಲಿನದು ಎಲ್ಲರೂ ಬಲ್ಲ ಚರಿತ್ರೆ. 1981ರಲ್ಲಿ ಬೆಂಗಳೂರು ದೂರದರ್ಶನ, 1983ರಲ್ಲಿ ನಮ್ಮದೇ ಇನ್ಸಾಟ್-1ಬಿ, ಭಾನುವಾರದ ಬೆಳಗುಗಳಲ್ಲಿ ಬೀದಿಯನ್ನು ಬರಿದುಮಾಡಿದ ರಾಮಾಯಣ, 1994ರಲ್ಲಿ ಉದಯ. ಮನೆಯ ಮಾಳಿಗೆಗೇ ತಟ್ಟೆ ಹಾಕಿಸಿಕೊಳ್ಳುವ ಕಾಲ ಬಂದದ್ದು ಈ ಶತಮಾನದಲ್ಲಿ. ದೂರದರ್ಶನದ ಉಚಿತ ತಟ್ಟೆ 2004ರ ಡಿಸೆಂಬರಿನಲ್ಲಿ ಬಂತು. ಅದರ ಆಚೀಚೆ ತಿಂಗಳ ಹಣ ಪಡೆಯುವ ಕಂಪನಿಗಳೂ ಬಂದವು.

ನಾನು ಅಂಥ ಒಂದು ಕಂಪನಿಯ ಚಂದಾದಾರನಾದೆ. ಎರಡು ಮನೆಗೆ ಎರಡು ಚಂದಾ ಕಟ್ಟುವುದು ಪಿಂಚಣಿದಾರನ ಕೈಲಾಗದ ಮಾತು. ತಟ್ಟೆ ಕೂರಿಸಲು ಬಂದ ಹುಡುಗ ಜಾಣ. ಅವನೇ ಉಪಾಯ ಹೇಳಿಕೊಟ್ಟ. ‘ಸಾರ್, ತಟ್ಟೆ ಎರಡು ಮಾಡಿಸಿ, ಪೆಟ್ಟಿಗೆ ಒಂದೇ ಸಾಕು. ಹೋಗುವಾಗ ತಗೊಂಡು ಹೋಗಿ.’ ನನಗೆ ಅನುಮಾನ. ಚಳ್ಳಕೆರೆಗೆ ಒಂದು ದಿಕ್ಕು, ಮೊಳಕಾಲ್ಮೂರಿಗೆ ಇನ್ನೊಂದು ದಿಕ್ಕು ಇರಲಾರದೆ? ಮೇಷ್ಟರ ಚಪಲ, ಕುಳಿತು ಲೆಕ್ಕ ಹಾಕಿದೆ. ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರು ಎತ್ತರದಲ್ಲಿ ನಿಂತ ಉಪಗ್ರಹದತ್ತ ತಟ್ಟೆ ತಿರುಗಿಸುವ ಕೋನದಲ್ಲಿ ನಮ್ಮ ಎರಡು ಊರುಗಳ ನಡುವಿನ ಅಂತರ ಒಂದು ಡಿಗ್ರಿಯ ಆಜುಬಾಜು. ಎರಡು ಕಡೆಯೂ ತಟ್ಟೆ ಆಗ್ನೇಯಕ್ಕೆ ತಲೆಯೆತ್ತಿ ಕೂರುತ್ತದೆ. ಬಸ್ಸಿಗೆ ನಾವು ತೆರುವ ಹಣ, ಕಟ್ಟುವ ಗಂಟುಮೂಟೆ, ಬೀಗ ಹಾಕಿ ಮತ್ತೆ ಮತ್ತೆ ಎಳೆದು ನೋಡುವ ಕದ, ಇವೆಲ್ಲ ಮೇಲಿರುವವನ ಲೆಕ್ಕದಲ್ಲಿ ಒಂದೇ ಒಂದು ಡಿಗ್ರಿ!

ತಟ್ಟೆಯಿಂದ ನಮಗೆ ಬಯಸದೆ ಬಂದ ಇನ್ನೊಂದು ಲಾಭವಿತ್ತು. ಈ ಸಂಕೇತದ ಅಲೆ ಎರಡೂವರೆ ಸೆಂಟಿಮೀಟರಿನಷ್ಟು ಕಿರಿದು. ದಪ್ಪ ಮಳೆಹನಿಗಳು ಅದನ್ನು ಕುಡಿದುಬಿಡುತ್ತವೆ. ಬೇರೆ ಊರಿನವರು ಮಳೆ ಬಂದು ಟಿ.ವಿ. ಹೋಯಿತೆಂದು ಕಂಪನಿಯನ್ನು ಶಪಿಸುತ್ತಾರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲೂಕುಗಳಲ್ಲೊಂದಾದ ಚಳ್ಳಕೆರೆಯಲ್ಲಿ ಚಿತ್ರ ಚೂರುಚೂರಾಗಿ ನಿಂತರೆ ನಾವು ಧಾರಾವಾಹಿಯನ್ನು ಬಿಟ್ಟು ಅಂಗಳಕ್ಕೆ ಓಡುತ್ತಿದ್ದೆವು. ತಟ್ಟೆ ನೋಡುವ ದಿಕ್ಕಿನಲ್ಲಿ ಒಂದೆರಡು ಮೈಲಿಯಾಚೆ ಮಳೆ ಇಳಿಯುತ್ತಿದೆ ಎಂದೇ ಅರ್ಥ. ಗಾಳಿ ಅನುಕೂಲವಾಗಿದ್ದರೆ ಹತ್ತು ನಿಮಿಷದಲ್ಲಿ ನಮ್ಮ ಹೊಲಕ್ಕೆ. ಹೂ ಕಚ್ಚಿ ನೆಲಕ್ಕಿಳಿಯುವ ಹೊತ್ತಿನ ಶೇಂಗಾಕ್ಕೆ ಆ ಹತ್ತು ನಿಮಿಷ ಎಂಥದೆಂದು ಬೆಳೆದವರಿಗೆ ಗೊತ್ತು. ಎಷ್ಟೋ ಸಲ ಅದು ಪಕ್ಕದೂರಿಗೆ ಹೋಗಿಬಿಡುತ್ತಿತ್ತು. ಚಿತ್ರ ಮತ್ತೆ ಸರಿಯಾಗಿ ಮೂಡಿಕೊಳ್ಳುತ್ತಿತ್ತು. ಸರಿಯಾದ ಚಿತ್ರವನ್ನು ನೋಡಿ ಮುಖ ಬಾಡಿಸಿಕೊಳ್ಳುವ ಚಂದಾದಾರರು ಬೇರೆಲ್ಲಾದರೂ ಇದ್ದಾರೋ ನಾನರಿಯೆ.

ಕೆಲವು ವರ್ಷಗಳ ಮೇಲೆ ಹಳೆಯ ಪೆಟ್ಟಿಗೆಯನ್ನು ಕೊಟ್ಟು, ಮುದ್ರಿಸಿಕೊಳ್ಳುವ ಹೊಸ ಪೆಟ್ಟಿಗೆಯನ್ನು ತಂದೆ. ಒಂದು ಕಾರ್ಯಕ್ರಮ ನೋಡುತ್ತಿರುವಾಗಲೇ ಇನ್ನೊಂದನ್ನು ಅದು ಒಳಗೆ ಬರೆದಿಟ್ಟುಕೊಳ್ಳುತ್ತದೆ. ಆದರೆ ಅದಕ್ಕೆ ತಟ್ಟೆಯಿಂದ ಎರಡು ವೈರು ಬರಬೇಕು. ಚಳ್ಳಕೆರೆಯ ತಟ್ಟೆಗೆ ಎರಡಿದ್ದವು, ಮೊಳಕಾಲ್ಮೂರಿನದಕ್ಕೆ ಒಂದೇ. ಆ ಒಂದು ವೈರಿನ ಚಳಿಗಾಲದಲ್ಲಿ ಅಕ್ಕನಿಗೆ ‘ಥಟ್ ಅಂತ ಹೇಳಿ’, ನನ್ನಾಕೆಗೆ ಧಾರಾವಾಹಿ, ನನಗೆ ವಾರ್ತೆ. ಒಂದನ್ನು ಮುದ್ರಿಸಲು ಹೊರಟರೆ ಇನ್ನೊಂದು ಬಂದ್. ಮನೆಯಲ್ಲಿ ಮೂವರೂ ವಿದ್ಯಾವಂತರಂತೆ ಮಾತು ಬಿಟ್ಟೆವು. ಮುಂದಿನ ವರ್ಷ ತಟ್ಟೆಯ ಮೂತಿಯನ್ನೇ ಬದಲಾಯಿಸಿ ಎರಡು ವೈರು ಎಳೆಸಿದ ಮೇಲೆ ಶಾಂತಿ ನೆಲಸಿತು.

ಈಗ ಅಕ್ಕನ ಮಾತಿಗೆ ಬರಬೇಕು. ನಮ್ಮ ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರನ್ನು ನೀವು ಕೇಳಿರುತ್ತೀರಿ. ಅಕ್ಷರ ಕಲಿಯದ ಆಕೆ ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಆ ಹಟ್ಟಿಗೆ ಹೋಗಿ ಕೇಳಿ ಸಂಗ್ರಹಿಸಿದರು. ನನ್ನ ಅಕ್ಕ ಅಂಥ ಹಾಡುಗಾರ್ತಿ ಅಲ್ಲವೇ ಅಲ್ಲ. ಆದರೆ ನೆಂಟರಿಷ್ಟರ ಮದುವೆಯಲ್ಲಿ ಹಸೆಗೆ ಕರೆಯುವಾಗ ಆಕೆಯ ದನಿ ಬೇಕೇಬೇಕು. ದಪ್ಪ ದನಿ, ಮಗ್ಗದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಬಂದದ್ದಿರಬೇಕು. ಹಾಡಿನ ಪ್ರತಿ ಸಾಲಿನ ಕೊನೆಯನ್ನು ಕೊಂಚ ಎಳೆದು, ಉಸಿರು ಮುಗಿಯುವ ಮುನ್ನವೇ ಮುಂದಿನ ಸಾಲನ್ನು ಹಿಡಿಯುತ್ತಿದ್ದಳು. ಲಾಳಿ ಆಚೆಯಿಂದ ಈಚೆಗೆ ಬರುವಂತೆ.

2011ರ ಹಿಂಗಾರಿನ ಹೊತ್ತಿಗೆ ಅವಳಿದ್ದ ಹೆಂಗಸರ ತಂಡವೊಂದು ಚಂದನ ವಾಹಿನಿಯಲ್ಲಿ ಸೋಬಾನೆ ಹಾಡಿ ಬಂತು. ಪ್ರಸಾರದ ದಿನ ನಾವು ಚಳ್ಳಕೆರೆಯಲ್ಲಿದ್ದೆವು, ಅಕ್ಕ ಮೊಳಕಾಲ್ಮೂರಿನಲ್ಲಿ. ಪೆಟ್ಟಿಗೆ ನಮ್ಮ ಕಡೆ ಇದ್ದುದರಿಂದ ಆಕೆ ಪಕ್ಕದ ಮನೆಯಲ್ಲಿ ನೋಡಬೇಕಾಗಿತ್ತು. ಅಂದು ಸಂಜೆ ಅಲ್ಲಿ ಕರೆಂಟು ಹೋಯಿತು. ಅಕ್ಕನ ಹಾಡನ್ನು ಅಕ್ಕನೊಬ್ಬಳನ್ನು ಬಿಟ್ಟು ಉಳಿದೆಲ್ಲ ನೆಂಟರು ಕೇಳಿದರು. ನಾನು ಫೋನು ಮಾಡಿ, ‘ಮುದ್ರಿಸಿದ್ದೇನೆ ಅಕ್ಕಾ, ದೀಪಾವಳಿ ಮುಗಿಯಲಿ, ಅಲ್ಲಿಗೇ ಹೊತ್ತು ತರುತ್ತೇನೆ’ ಎಂದೆ.

ಹಾಗೆಯೇ ತಂದೆ. ಮೊಳಕಾಲ್ಮೂರಿನ ಮನೆಯಲ್ಲಿ ವೈರು ಸಿಕ್ಕಿಸಿ ಗುಂಡಿ ಒತ್ತಿದಾಗ ಬೀದಿಯ ಹೆಂಗಸರೆಲ್ಲ ಸೇರಿದ್ದರು. ತನ್ನ ಮುಖವನ್ನು ತಾನೇ ನೋಡಿದ ಅಕ್ಕ ಮೊದಲ ಸಲ ಸೆರಗು ಮುಚ್ಚಿಕೊಂಡಳು. ಎಲ್ಲರೂ ಹೋದ ಮೇಲೆ, ‘ಇನ್ನೊಂದ್ಸಲ ಹಾಕು ತಮ್ಮಾ’ ಎಂದಳು. ನೋಡಿ, ‘ಎರಡನೇ ನುಡಿಯಾಗೆ ಉಸಿರು ತಪ್ಪೈತೆ’ ಎಂದಳು. ಆಮೇಲೆ ಪ್ರತಿ ವರ್ಷ ನಾವು ಪೆಟ್ಟಿಗೆ ಹೊತ್ತು ಬಂದ ಮೊದಲ ರಾತ್ರಿ ಅದೊಂದು ಶಾಸ್ತ್ರವಾಯಿತು.

2014ರ ಪುಷ್ಯಮಾಸದಲ್ಲಿ ಅಕ್ಕ ತೀರಿಕೊಂಡಳು. ಆ ವರ್ಷ ಟಿ.ವಿ. ನೋಡುವ ಮನಸ್ಸು ಯಾರಿಗೂ ಇರಲಿಲ್ಲ. ಸಂಪರ್ಕವನ್ನು ಕೆಲ ತಿಂಗಳು ನಿಲ್ಲಿಸುವಂತೆ ಹೇಳಿ, ಪೆಟ್ಟಿಗೆಯನ್ನು ಅದೇ ಟವಲಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆವು. ಮತ್ತೆ ತೆಗೆದಾಗ ಅದು ಹೊತ್ತಿಕೊಳ್ಳಲಿಲ್ಲ. ಕಂಪನಿಯ ಕಡೆಯಿಂದ ಬಂದ ಹುಡುಗ ಎರಡು ಸಲ ತಟ್ಟಿ, ಒಂದು ಸಲ ಅಲುಗಿಸಿ, ಹೊಸದನ್ನಿಟ್ಟು ಹಳೆಯದನ್ನು ಚೀಲಕ್ಕೆ ಹಾಕಿಕೊಂಡ. ‘ಒಳಗಿರೋದು?’ ಎಂದೆ. ‘ಅದು ಹೋದಂಗೇ ಸಾರ್’ ಎಂದ. ಅವನದೇನೂ ತಪ್ಪಿಲ್ಲ. ನನಗೇ ತಡವಾಗಿ ತಿಳಿದದ್ದಿಷ್ಟು: ಚಂದಾ ವಾಹಿನಿಗಳ ಸಂಕೇತ ಆಕಾಶದಿಂದ ಬೀಗ ಹಾಕಿಕೊಂಡೇ ಬರುತ್ತದೆ. ಕೀಲಿ ಪೆಟ್ಟಿಗೆಯಲ್ಲೂ ಅದರೊಳಗಿನ ಕಾರ್ಡಿನಲ್ಲೂ ಇರುತ್ತದೆ. ಮುದ್ರಿಸಿದ್ದನ್ನು ಪೆಟ್ಟಿಗೆ ತನ್ನದೇ ಇನ್ನೊಂದು ಬೀಗ ಹಾಕಿ ಇಟ್ಟುಕೊಳ್ಳುತ್ತದೆ. ಒಳಗಿನ ಡಿಸ್ಕನ್ನು ಕಿತ್ತು ಬೇರೆ ಯಂತ್ರಕ್ಕೆ ಕೊಟ್ಟರೂ ಅದಕ್ಕೆ ಓದಲು ಬಾರದು. ನಾನು ಮೂರು ವರ್ಷ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಓಡಾಡಿದ್ದು ಅಕ್ಕನ ಹಾಡನ್ನಲ್ಲ. ಆ ಹಾಡನ್ನು ಕೇಳಲು ನನಗೆ ಕೊಟ್ಟಿದ್ದ ಅನುಮತಿಯನ್ನು. ದೂರದರ್ಶನದ ಉಚಿತ ತಟ್ಟೆಯ ಸಂಕೇತ ಬಹುಮಟ್ಟಿಗೆ ಬೀಗವಿಲ್ಲದೆ ಬರುತ್ತದೆ, ಅದರ ಎಷ್ಟೋ ಅಗ್ಗದ ಪೆಟ್ಟಿಗೆಗಳಲ್ಲಿ ಪೆನ್‌ಡ್ರೈವಿಗೇ ಮುದ್ರಿಸಿಕೊಂಡು ಬೇರೆಡೆ ನೋಡಬಹುದು ಎಂಬುದೂ ಆಮೇಲೆ ತಿಳಿಯಿತು. ಚಂದನ ವಾಹಿನಿ ಅದರಲ್ಲೂ ಬರುತ್ತಿತ್ತು. ಹೆಚ್ಚು ಹಣ ಕೊಟ್ಟು ಕಡಿಮೆ ಕೊಂಡಿದ್ದೆ.

ಆ ಬೇಸರದ ದಿನಗಳಲ್ಲಿ ಒಮ್ಮೆ ಬ್ರಹ್ಮಗಿರಿಗೆ ಹೋಗಿ ಕುಳಿತಿದ್ದೆ. ಮೊಳಕಾಲ್ಮೂರಿನವರಿಗೆ ಅದು ನೆರೆಮನೆಯಂತೆ. ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿಯ ಬಂಡೆಯ ಮೇಲಿದೆ. ಅದೇ ಮಾತು ಹತ್ತಿರದ ಸಿದ್ದಾಪುರದಲ್ಲಿದೆ. ಅದೇ ಮಾತು ಜಟಿಂಗ ರಾಮೇಶ್ವರದ ಬೆಟ್ಟದಲ್ಲೂ ಇದೆ. ತಂದೆತಾಯಿಗಳ ಮಾತು ಕೇಳಿ, ಗುರುಗಳನ್ನು ಗೌರವಿಸಿ, ಸತ್ಯವನ್ನು ನುಡಿಯಿರಿ ಎಂಬಷ್ಟನ್ನು ಹೇಳಲು ಕಣ್ಣಳತೆಯ ದೂರಗಳಲ್ಲಿ ಮೂರು ಬಂಡೆ ಏಕೆ ಬೇಕಿತ್ತು ಎಂದು ನಾನು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ತಮಾಷೆ ಮಾಡುತ್ತಿದ್ದೆ. ಬರೆದವನ ಹೆಸರು ಚಪಡ. ತಾನು ಲಿಪಿಕಾರ ಎಂಬುದನ್ನು ಅವನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದು ಸಹಿ ಹಾಕಿದ್ದಾನೆ. ದೂರದ ವಾಯವ್ಯ ಸೀಮೆಯ ಲಿಪಿ ಅದು. ಅಂದು ನನಗೆ ತಮಾಷೆ ಹೊಳೆಯಲಿಲ್ಲ. ಒಂದು ಬಂಡೆ ಮಸುಕಾದರೆ ಇನ್ನೊಂದರಿಂದ ಓದಿಕೊಳ್ಳಬಹುದು. ಜಟಿಂಗ ರಾಮೇಶ್ವರದ್ದು ತುಂಬಾ ಸವೆದುಹೋಗಿದೆ. ಉಳಿದೆರಡರ ನೆರವಿನಿಂದಲೇ ವಿದ್ವಾಂಸರು ಅದನ್ನು ಓದಿದ್ದು. ಎರಡು ಮನೆಯಿದ್ದೂ ನಾನು ಒಂದೇ ಪೆಟ್ಟಿಗೆಯಲ್ಲಿಟ್ಟೆ.

2016ರಲ್ಲಿ ಅಕ್ಕನ ಮೊಮ್ಮಗಳ ಮದುವೆ ಗೊತ್ತಾಯಿತು. ಹುಡುಗಿ ಚಳ್ಳಕೆರೆಗೆ ಫೋನು ಮಾಡಿ, ‘ತಾತ, ಹಸೆಗೆ ಕರೆಯುವಾಗ ಅಜ್ಜಿಯ ಹಾಡು ಹಾಕಬೇಕು, ಪೆಟ್ಟಿಗೆ ತರುವುದನ್ನು ಮರೆಯಬೇಡಿ’ ಎಂದಳು. ಪೆಟ್ಟಿಗೆ ಹೋದ ಸಂಗತಿಯನ್ನು ಆ ಮನೆಯವರಿಗೆ ನಾನು ಹೇಳಿರಲೇ ಇಲ್ಲ. ಹೇಳುವ ಧೈರ್ಯವಾಗಿರಲಿಲ್ಲ. ಅಂದು ಊಟ ಸೇರಲಿಲ್ಲ. ನನ್ನಾಕೆ ತಟ್ಟೆಯನ್ನೂ ನನ್ನ ಮುಖವನ್ನೂ ನೋಡಿ, ಏನೆಂದು ಕೇಳಿ ತಿಳಿದುಕೊಂಡು, ಒಳಗೆ ಹೋಗಿ ಕಬ್ಬಿಣದ ಟ್ರಂಕನ್ನು ಎಳೆದಳು. ಅದರ ತಳದಿಂದ ಒಂದು ಕ್ಯಾಸೆಟ್ಟು ಹೊರಬಂತು. ಮೇಲೆ ಅವಳ ಕೈಬರಹ: ‘ಅತ್ತಿಗೆ ಹಾಡು’.

ಪ್ರಸಾರದ ದಿನ ಆಕೆ ನನ್ನ ಹಳೆಯ ಟೇಪ್ ರೆಕಾರ್ಡರನ್ನು ಟಿ.ವಿ.ಯ ಮುಂದೆ ಒಂದು ಮಣೆಯ ಮೇಲಿಟ್ಟು ಚಾಲೂ ಮಾಡಿದ್ದಳಂತೆ. ಶಾಲೆಯಲ್ಲಿ ಆಕಾಶವಾಣಿಯ ಪಾಠಗಳನ್ನು ಮುದ್ರಿಸಲೆಂದು ನಾನು ಕೊಂಡಿದ್ದ ಯಂತ್ರವದು. ‘ನಿಮ್ಮ ಪೆಟ್ಟಿಗೆ ಒಳಗೆ ಏನು ಬರಕೊಳ್ತದೆ, ಏನು ಬಿಡ್ತದೆ ಕಣ್ಣಿಗೆ ಕಾಣ್ತದಾ? ಇದರಲ್ಲಾದರೆ ಸುರುಳಿ ತಿರುಗೋದು ಕಾಣ್ತದೆ’ ಎಂದಳು. ಯಂತ್ರದ ಬೆಲ್ಟು ಸಡಿಲವಾಗಿತ್ತು. ಪೇಟೆಯಲ್ಲಿ ರೇಡಿಯೋ ರಿಪೇರಿ ಬಿಟ್ಟು ಮೊಬೈಲು ರಿಪೇರಿಗಿಳಿದಿದ್ದ ಹಳೆಯ ಪರಿಚಿತನೊಬ್ಬ ಹುಡುಕಿ ಬೇರೆ ಹಾಕಿಕೊಟ್ಟ.

ಹಾಕಿ ಕೇಳಿದೆವು. ಮೊದಲು ಸುಯ್ಯೆಂಬ ಸದ್ದು, ಕುಕ್ಕರಿನ ಒಂದು ಕೂಗು, ಹೊರಗೆಲ್ಲೋ ಆಡಿನ ದನಿ. ನಿರೂಪಕಿಯ ಮಾತು. ತಂಡದ ಹೆಂಗಸರ ಗುಂಪು ದನಿ ಎದ್ದಿತು. ಅದರ ಮೇಲೆ ಅಕ್ಕನ ದನಿ ಏರುತ್ತಿದ್ದಂತೆಯೇ ಒಬ್ಬ ಗಂಡಸು ಅತ್ಯಂತ ಕರ್ಕಶವಾಗಿ ಅರಚಿದ: ‘ಏ ಬಾರೇ, ಅಕ್ಕ ಬಂದಳು, ಅಕ್ಕ ಬಂದಳು ನೋಡೇ!’ ಆ ಅರಚಾಟದಲ್ಲಿ ಹಾಡಿನ ಮೊದಲ ನುಡಿ ಪೂರ್ತಿ ಮುಳುಗಿತ್ತು. ಆ ಗಂಡಸು ನಾನೇ ಎಂದು ಬೇರೆ ಹೇಳಬೇಕಾಗಿಲ್ಲ.

ಮದುವೆಯ ಮನೆಯಲ್ಲಿ ಹುಡುಗಿಯನ್ನು ಹಸೆಗೆ ಕರೆಯುವ ಹೊತ್ತಿಗೆ ಸೋದರಳಿಯ ಟೇಪ್ ರೆಕಾರ್ಡರನ್ನು ಮೈಕಿನ ಮುಂದಿಟ್ಟ. ನಾನು ಕಂಬದ ಮರೆಗೆ ಸರಿದು ನಿಂತೆ. ಕುಕ್ಕರು ಕೂಗಿತು, ಮಕ್ಕಳು ನಕ್ಕವು. ಅಕ್ಕನ ದನಿ ಏರಿತು, ಹಿಂದೆಯೇ ನನ್ನ ಅರಚಾಟ. ನಾನು ತಲೆ ತಗ್ಗಿಸಿದೆ. ಆದರೆ ನಗು ಕೇಳಿಸಲಿಲ್ಲ. ಹಸೆಯ ಸುತ್ತ ನಿಂತ ಹೆಂಗಸರು, ಅದೇ ತಂಡದವರೂ ಅವರಿಂದ ಕಲಿತವರೂ, ಮುಳುಗಿದ ಆ ಮೊದಲ ನುಡಿಯನ್ನು ತಾವೇ ಎತ್ತಿಕೊಂಡರು. ನನ್ನ ದನಿ ಅವರ ಕೆಳಗೆಲ್ಲೋ ಅಡಗಿತು. ಎರಡನೆಯ ನುಡಿಗೆ ಬಂದಾಗ ಅವರು ನಿಲ್ಲಿಸಿ ಅಕ್ಕನೊಬ್ಬಳನ್ನೇ ಹಾಡಗೊಟ್ಟರು. ಅವಳು ಹೇಳುತ್ತಿದ್ದುದು ನಿಜ. ಅಲ್ಲಿ ಉಸಿರು ತಪ್ಪಿದೆ.

ಆಮೇಲೆ ಹುಡುಗಿಯ ಗಂಡ ಅದನ್ನು ಕಂಪ್ಯೂಟರಿಗೆ ಇಳಿಸಿ ಎರಡು ಪೆನ್‌ಡ್ರೈವುಗಳಲ್ಲಿ ಹಾಕಿಕೊಟ್ಟ. ಒಂದು ಮೊಳಕಾಲ್ಮೂರಿನಲ್ಲಿ ದೇವರ ಗೂಡಿನ ಪಕ್ಕ ಇದೆ. ಇನ್ನೊಂದು ಚಳ್ಳಕೆರೆಯಲ್ಲಿ ನನ್ನಾಕೆಯ ಟ್ರಂಕಿನಲ್ಲಿ. ಬೇಕಿದ್ದರೆ ಮಧ್ಯದ ಆ ಕೂಗನ್ನು ತೆಗೆದುಬಿಡಬಹುದು ಎಂದು ಅವನು ಸಂಕೋಚದಿಂದ ಕೇಳಿದ. ನಾನು ಒಪ್ಪುವವನಿದ್ದೆ. ಅಷ್ಟರಲ್ಲಿ ಹುಡುಗಿ ಒಳಗಿನಿಂದಲೇ, ‘ತಾತ ಕರೆಯದೆ ಅಜ್ಜಿ ಹಾಡುವುದು ಹೇಗೆ?’ ಎಂದಳು.